ಕರಿಯಾಕ ಬಂದೀವಿ

ರಬಕವಿ
೪ ಏಪ್ರಿಲ್ ೨೦೨೫, ಶುಕ್ರವಾರ

ಲೋಕಾಪುರದಲ್ಲಿ ಅವ್ವನ ಹತ್ತಿರ ಇರುವ ನನ್ನ ಸೊಸೆ ಕಾವ್ಯಾಳಿಗೆ, ರಬಕವಿಯಿಂದ ನಿನ್ನ ಅತ್ತಿ ತಂಗೆವ್ವ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿ ಬರೆಯುವುದು. ನಾವಿಲ್ಲಿ ಆರಾಮ ಇದ್ದೇವೆ. ಪತ್ರ ಅಂದಮೇಲೆ ಬರೆಯಬೇಕು ಅಂತ ಬರೆಯುವ ಆರಾಮ ಅಲ್ಲ ಇದು. ನಿನ್ನೆ ಮಧ್ಯಾಹ್ನದಿಂದ ಖರೇನೇ ಆರಾಮ ಇದ್ದೇವೆ. ಅದಕ್ಕಿಂತ ಹಿಂದೆ ಹೇಗಿದ್ದೆವು ಅನ್ನುವುದನ್ನು ಈಗ ಹೇಳುತ್ತೇನೆ.

ನಾನು ಸಾಲಿಯನ್ನು ಆರನೇ ಇಯತ್ತೆಯಲ್ಲಿ ಅರ್ಧಕ್ಕೆ ಬಿಟ್ಟವಳು ಅನ್ನುವುದು ನಿನಗೆ ಗೊತ್ತು. ನಮ್ಮವ್ವನಿಗೆ ಬೇನೆ ಬಂತು, ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಕಿ ಸುತ್ತಲು ಒಂದು ಜೊತೆ ಕೈ ಬೇಕಾಯಿತು, ಎ ಬಿ ಸಿ ಡಿಯ ನಡುವೆ ಎಲ್ಲೋ ನನ್ನ ಸಾಲಿ ನಿಂತುಹೋಯಿತು. ಹಾಗಾಗಿ ಇಲ್ಲಿ ಸಾಲು ಮೇಲೆ ಹತ್ತಿದರೆ, ಒತ್ತಕ್ಷರ ತಪ್ಪಿದರೆ, ಮೇಡಮ್ಮಳ ಹಾಗೆ ಕೆಂಪು ಪೆನ್ನು ಹುಡುಕಬೇಡ. ಸೊಸೆಯ ಹಾಗೆ ಓದು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯೇನೋ. ಫೋನಿನಲ್ಲಿ ನಾವಿಬ್ಬರೂ ಏನು ಹೇಳಿಕೊಂಡೆವು ನೆನಪು ಮಾಡಿಕೋ. "ಅವ್ವನ ಕಣ್ಣು ಹ್ಯಾಂಗೈತಿ?" "ಚಲೋ ಐತ್ರಿ ಅತ್ತಿ." "ಊಟ ಆತೇನು?" "ಆತ್ರಿ. ನಿಮ್ಮದು?" "ಆತು." ಆಮೇಲೆ ಈ ಕಡೆ ಮಗ್ಗದ ಸಪ್ಪಳ, ಆ ಕಡೆ ನಿಮ್ಮ ರಸ್ತೆಯ ಟ್ರ್ಯಾಕ್ಟರಿನ ಸಪ್ಪಳ. ಸ್ವಲ್ಪ ಹೊತ್ತು ಒಬ್ಬರ ಊರಿನ ಸಪ್ಪಳ ಒಬ್ಬರು ಕೇಳಿ ಫೋನು ಇಡುತ್ತಿದ್ದೆವು. ಇಟ್ಟಮೇಲೆ ನಾನು ಅದನ್ನೇ ಕೈಯಲ್ಲಿ ಹಿಡಿದು ಕೂರುತ್ತಿದ್ದೆ. "ಯವ್ವಾ, ಅದು ಮೊಟ್ಟಿ ಅಲ್ಲ, ಕಾವು ಕೊಟ್ರ ಮರಿ ಬರೂದಿಲ್ಲ" ಅಂತ ನಿನ್ನ ಗಂಡ ಸೋಮು ಚಾಷ್ಟಿ ಮಾಡುತ್ತಿದ್ದ. ಅವನ ಚಾಷ್ಟಿಯಲ್ಲೂ ಜೀವ ಇರುತ್ತಿರಲಿಲ್ಲ.

ನಿಮ್ಮವ್ವನ ಕಣ್ಣಿನ ಪೊರೆ ತೆಗೆಸುವುದಿತ್ತು. ಬಗ್ಗಬಾರದು, ಒಲೆಯ ಮುಂದೆ ಕೂರಬಾರದು ಅಂದಮೇಲೆ ಮಗಳು ಹೋಗಲೇಬೇಕು. ಸಂಕ್ರಾಂತಿ ಮುಗಿಸಿಕೊಂಡು ನೀನು ಹೊರಟೆ. ನಾನೇ ರೊಟ್ಟಿ ಬುತ್ತಿ ಕಟ್ಟಿದೆ. ಬಾಗಿಲಲ್ಲಿ ನಿಂತು ನೀನು "ಬರ್ತೀನ್ರಿ ಅತ್ತಿ" ಅಂದಾಗ ಎರಡೂ ಮಗ್ಗ ಓಡುತ್ತಿದ್ದವು, ನನ್ನ ಕೈಯಲ್ಲಿ ನೂಲು ಹರಿದಿತ್ತು. ಅದನ್ನು ಗಂಟು ಹಾಕುತ್ತಾ "ಹ್ಞೂ, ಹೋಗು" ಅಂದುಬಿಟ್ಟೆ. ಹೋಗಿ ಬಾ ಅನ್ನಲಿಲ್ಲ. ನೀನು ಓಣಿಯ ಮೂಲೆ ತಿರುಗಿದ ಮೇಲೆ ನನಗೆ ಅದು ಹೊಳೆದು, ಓಡಿ ಬಂದು ನೋಡಿದರೆ ಬರೀ ಒಂದು ಆಡು ನಿಂತಿತ್ತು. ಆಡಿಗೆ "ಹೋಗಿ ಬಾ" ಅಂದು ಒಳಗೆ ಬಂದೆ.

ನಗಬೇಡ. ಅಲ್ಲಿಂದ ಸುರುವಾಯಿತು ನನ್ನ ತಲೆಕೆಡುವುದು.

ನಿಮ್ಮವ್ವನ ಕಣ್ಣಿಗೆ ಹಾಕಿದ ಪಟ್ಟಿ ತೆಗೆದರು ಅಂತ ನೀನು ಫೋನಿನಲ್ಲಿ ಅಂದೆ. ಸಂತೋಷವಾಯಿತು, ಇನ್ನು ಬರುತ್ತಾಳೆ ಅಂದುಕೊಂಡೆ. ನೀನು ಬರಲಿಲ್ಲ. ಅವರು ಮತ್ತೆ ರೊಟ್ಟಿ ಬಡಿಯಲು ಸುರು ಮಾಡಿದರು ಅಂದೆ. ಮತ್ತೂ ಸಂತೋಷವಾಯಿತು. ಮತ್ತೂ ಬರಲಿಲ್ಲ. ಶಿವರಾತ್ರಿ ಹೋಯಿತು, ಹೋಳಿ ಹುಣ್ಣಿಮೆ ಹೋಯಿತು. ಏನು ತಪ್ಪಾಯಿತು ಅಂತ ದಿನಕ್ಕೊಂದು ಹುಡುಕಿ ತೆಗೆಯುತ್ತಿದ್ದೆ. ಬಿ.ಎಡ್. ಮಾಡಿದ ಹುಡುಗಿಯ ಕೈಗೆ ಕಂಡಕಿ ಕೊಟ್ಟೆನಲ್ಲ, ಅದೇ ಇರಬೇಕು. ಇಲ್ಲ, ಇಡೀ ದಿನ ಮಗ್ಗದ ಗದ್ದಲಕ್ಕೆ ಮನೆ ಅದುರುತ್ತದೆ, ನಿದ್ದೆ ಇಲ್ಲದೆ ಬೇಸತ್ತಳು. ಇಲ್ಲ, ನಾನು ಬಾಳ ಮಾತಾಡುತ್ತೇನೆ. ಇಲ್ಲ, ಸೋಮು ಬಾಳ ಕಡಿಮೆ ಮಾತಾಡುತ್ತಾನೆ. ನಿನ್ನ ಪುಸ್ತಕಗಳು ಇನ್ನೂ ಗೋಡೆಯ ಮಾಡದಲ್ಲೇ ಇವೆ ಅನ್ನುವುದೊಂದೇ ಧೈರ್ಯ. ಅದನ್ನೂ ಬಾಜೂ ಮನೆಯ ಅನ್ನವ್ವ ಉಳಿಸಲಿಲ್ಲ. "ಪುಸ್ತಕಾ ಏನ್ ಬಂಗಾರ ಏನ ಬೇ, ಅದರ ಸಲುವಾಗಿ ತಿರಿಗಿ ಬರಾಕ?" ಅಂದಳು.

ಸೋಮುವನ್ನು ಕೇಳಿದರೆ "ಬರ್ತಾಳ" ಅನ್ನುತ್ತಿದ್ದ. ಯಾವಾಗ ಅಂದರೆ "ಬಂದಾಗ".

ನಾನು ಒಂದು ಸಲವೂ ನಿನ್ನನ್ನು ಬಾ ಅನ್ನಲಿಲ್ಲ ಯಾಕೆ ಅಂತ ನೀನು ಕೇಳಬೇಕು. ಕೇಳಿಯೇ ಕೇಳಿದ್ದೀ ಮನಸ್ಸಿನಲ್ಲಿ, ಈಗ ಗೊತ್ತಾಗಿದೆ. ನನ್ನ ಲೆಕ್ಕ ಬೇರೆ ಇತ್ತವ್ವ. ಕರೆದರೆ ಅವಸರ ಮಾಡಿದಂತೆ ಆಗುತ್ತದೆ. ಬೀಗತಿಗೆ ಇನ್ನೂ ಸರಿಯಾಗಿ ಕಣ್ಣು ಕಂಡಿಲ್ಲ, ಅಷ್ಟರಲ್ಲೇ ಅತ್ತಿಗೆ ಕೆಲಸಕ್ಕೆ ಕೈ ಕಡಿಮೆ ಬಿತ್ತು, ಅದಕ್ಕೇ ಸೊಸೆಯನ್ನು ಎಳೆದುಕೊಂಡು ಹೋಗಲು ಬಂದಳು ಅಂತ ನಿಮ್ಮ ಓಣಿಯವರು ಆಡಿಕೊಳ್ಳುತ್ತಾರೆ. ಹುಡುಗಿ ತನ್ನ ಮನೆಗೆ ತಾನು ಬರುವುದಕ್ಕೆ ಕರೆಯುವುದೇನು? ನಮ್ಮ ಮನೆ ಅವಳದೇ ಅಂತ ನಾನು ತಿಳಿದಿದ್ದೆ. ತಿಳಿದದ್ದು ನಾನು. ಹೇಳಿದ್ದು ಯಾರಿಗೂ ಇಲ್ಲ.

ಇನ್ನೊಂದು ಮಾತು. ನನ್ನನ್ನು ಕೊಟ್ಟದ್ದು ನಮ್ಮ ಸೋದರಮಾವನಿಗೆ, ಇದೇ ಓಣಿಯಲ್ಲಿ. ನಮ್ಮವ್ವನ ಮನೆಗೂ ಗಂಡನ ಮನೆಗೂ ನಡುವೆ ಎರಡು ಬಾಗಿಲು. ಹಿಟ್ಟಿನ ಕೈಯಲ್ಲೇ ತವರಿಗೆ ಹೋಗಿ ಉಪ್ಪು ತಂದವಳು ನಾನು. ನನ್ನನ್ನು ಯಾರೂ ಎಲ್ಲಿಂದಲೂ ಕರೆಯಲು ಬಂದವರಲ್ಲ, ಬರುವ ಜರೂರಿಯೇ ಬೀಳಲಿಲ್ಲ. ಇರುವವನು ಒಬ್ಬನೇ ಮಗ, ಬಂದವಳು ಒಬ್ಬಳೇ ಸೊಸೆ. ಇಂಥದ್ದೊಂದು ಇದೆ, ಹೀಗೆ ಮಾಡಬೇಕು ಅಂತ ಹೇಳಲು ನಿನ್ನ ಮಾವ ರಾಚಪ್ಪನೂ ಇಲ್ಲ. ಇದ್ದಿದ್ದರೂ ಆತ ಹೇಳುತ್ತಿದ್ದನೋ ಇಲ್ಲವೋ, ಆತನೂ ನಾಲ್ಕು ಹೆಜ್ಜೆ ನಡೆದು ಮದುವೆಯಾದವನೇ.

ಯುಗಾದಿಗೆ ಮಾತ್ರ ತಡೆಯಲಾಗಲಿಲ್ಲ. ಹೊಸ ಸೊಸೆಯ ಮೊದಲ ಯುಗಾದಿ, ಸೊಸೆಯೇ ಇಲ್ಲ. ಬೇವು ಬೆಲ್ಲ ಹಂಚುವಾಗ ಒಬ್ಬೊಬ್ಬರೂ "ಕಾವ್ಯಾ ಎಲ್ಲಿ?" ಅಂದರು. "ಅವ್ವನ ಕಣ್ಣು" ಅಂದೆ. "ಇನ್ನೂ?" ಅಂದರು. ಅವರು ಹೇಳಿದ್ದು ಅಷ್ಟೇ. ಉಳಿದದ್ದನ್ನು ಅವರ ಮೋರೆ ಹೇಳಿತು. ಅಂದು ಹೋಳಿಗೆ ನನ್ನ ಬಾಯಲ್ಲಿ ಹೊಟ್ಟಿನ ಹಾಗೆ ತಿರುಗಿತು. ಸೋಮು ಒಂದೇ ಉಂಡು ಎದ್ದ.

ನಿನ್ನೆ ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಿದ್ದವು. ಹೊರಗೆ ಯಾರೋ ಕೆಮ್ಮಿದಂತಾಯಿತು. ನೋಡಿದರೆ ನಿಮ್ಮ ಸೋದರಮಾವ ಹೊಳಬಸಪ್ಪಣ್ಣ. ಟೋಪಿ ತೆಗೆಯಲಿಲ್ಲ, ಕೂಡ್ರಿ ಅಂದರೆ ಕೂಡಲಿಲ್ಲ, ನೀರು ಕೊಟ್ಟರೆ ಚರಿಗೆ ಕೈಯಲ್ಲೇ ಹಿಡಿದು ನಿಂತರು. ಮುಗೀತು, ಸೊಸೆಯ ಸಾಮಾನು ಒಯ್ಯಲು ಬಂದರು ಅಂದುಕೊಂಡೆ. ನನ್ನ ಕಣ್ಣು ಮೊದಲು ಹೋದದ್ದು ನಿನ್ನ ಪುಸ್ತಕಗಳ ಮಾಡದ ಕಡೆಗೇ.

"ಅಕ್ಕಾರ, ನೆಟ್ಟಗ ಒಂದ ಮಾತು ಕೇಳತೀನ್ರಿ, ಸಿಟ್ಟಾಗಬ್ಯಾಡ್ರಿ" ಅಂದರು. "ನಮ್ಮ ಹುಡುಗಿ ನಿಮಗ ಬ್ಯಾಡಾದಳೇನ್ರಿ?"

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ನಾವ ನಿಮಗ ಬ್ಯಾಡಾಗೇವಿ ಅಂತ ನಾ ಅಳಾಕತ್ತೀನ್ರೀ ಅಣ್ಣಾರ!" ಅಂದೆ.

ಅವರು ಚರಿಗೆ ಕೆಳಗೆ ಇಟ್ಟರು. "ಮತ್ತ ಕರಿಯಾಕ ಯಾಕ ಬರಲಿಲ್ರಿ?"

"ಕರಿಯಾಕಂದ್ರ?"

"ಕರಿಯಾಕಂದ್ರ ಕರಿಯಾಕ್ರೀ! ವರ್ಷಾ ತುಂಬಲಾರದ ಸೊಸಿ ತವರಿಗೆ ಬಂದ್ರ ಅತ್ತಿ ಮನಿಯವರು ಬಂದು, ಕಳಸ್ರಿ ಅಂತ ಕೇಳಿ, ಕರಕೊಂಡು ಹೋಗಬೇಕಲ್ರಿ? ತಾನಾಗೇ ಚೀಲಾ ಹಿಡಕೊಂಡು ಬಸ್ ಹತ್ತಿದ್ರ ತವರವರು ಹೊರಗ ಹಾಕಿದ್ರು ಅಂತಾರ್ರಿ ಮಂದಿ. ನಮ್ಮಕ್ಕ ದಾರಿ ನೋಡಿ ನೋಡಿ, ತಗಸಿದ ಪೊರಿ ಮತ್ತ ಬಂದೀತು ಈಗ!"

ಮಗಳೇ, ನನಗೆ ಎಂಥ ನಗು ಬಂತು ಅಂತೀ! ಕೂತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡೆ. ನಗುತ್ತಾ ಇದ್ದವಳು ಅತ್ತುಬಿಟ್ಟೆ, ಅಳುತ್ತಾ ಇದ್ದವಳು ಮತ್ತೆ ನಕ್ಕೆ. ಹೊಳಬಸಪ್ಪಣ್ಣ ಗಾಬರಿಯಾಗಿ ಸೋಮುವನ್ನು ಕೂಗಿದರು. ಸೋಮು ಮಗ್ಗದ ಹಿಂದಿನಿಂದ ಬಂದು, ಅವರ ಮೋರೆ ನೋಡಿ, ನನ್ನ ಮೋರೆ ನೋಡಿ, "ಏನಾತು?" ಅಂದ. "ಏನೂ ಆಗಿಲ್ಲೋ, ಏನೂ ಆಗಿಲ್ಲ!" ಅಂದೆ. ಅಷ್ಟು ಚಂದದ ಮಾತು ನಾನು ಹುಟ್ಟಿದಮೇಲೆ ಆಡಿರಲಿಲ್ಲ.

ಆಮೇಲೆ ಹೊಳಬಸಪ್ಪಣ್ಣ ಕೂತರು, ಟೋಪಿ ತೆಗೆದರು, ಉಂಡರು. ನೀನು ಬಟ್ಟೆ ತುಂಬಿದ ಚೀಲ ಬಾಗಿಲ ಹಿಂದೆಯೇ ಇಟ್ಟಿದ್ದೀಯಂತೆ. ನಮ್ಮೂರ ದಾರಿಯ ಮುಧೋಳದ ಕಡೆಯಿಂದ ಬಸ್ಸು ಬಂದ ಸಪ್ಪಳವಾದರೆ ಏನೋ ನೆವ ಮಾಡಿ ಹೊಸ್ತಿಲಿಗೆ ಬರುತ್ತೀಯಂತೆ. "ಹೇಳಬ್ಯಾಡ ಅಂದಾಳ್ರಿ, ಅದಕ ಹೇಳಾಕತ್ತೇನಿ" ಅಂದರು. ನಾನು ತಡೆಯಲಾರದೆ ಕೇಳಿಯೇ ಬಿಟ್ಟೆ, "ಅಕಿ ಹೋಗೂ ಮುಂದ ನಾ ಹೋಗು ಅಂದಿದ್ದೆ, ಬಾ ಅಂದಿರಲಿಲ್ಲ, ಅದಕ ಮನಸಿಗೆ ಹಚಕೊಂಡಾಳೇನ್ರಿ?" ಅವರು, "ಆ ಗದ್ದಲದಾಗ ನೀವು ಬೈದಿದ್ರೂ ಕೇಳತಿದ್ದಿಲ್ಲರಿ ಅಕಿಗೆ" ಅಂದರು.

ಅವರು ಬನಹಟ್ಟಿಯ ನೆಂಟರ ಮನೆಗೆ ಹೋದಮೇಲೆ ನಾನು ಕಂಡಕಿ ಮುಂದೆ ಕೂತೆ. ಕೈ ಓಡಲಿಲ್ಲ. ಹೋದ ಕಾರ್ತಿಕದ ಸಂಜೆಗಳು ನೆನಪಾದವು. "ಅತ್ತಿ, ನಿಮ್ಮ ಸಾಲಿ ಎಲ್ಲಿ ನಿಂತಿತ್ತು, ಅಲ್ಲಿಂದನ ಸುರು ಮಾಡೂಣ್ರಿ" ಅಂದು ನೀನು ಕದದ ಮೇಲೆ ಸೀಮೆಸುಣ್ಣದಲ್ಲಿ ಇಂಗ್ಲಿಷು ಬರೆಯುತ್ತಿದ್ದೆಯಲ್ಲ. ಒಂದು ಸಂಜೆ ನೀನು "ಯುವರ್ ಸನ್ ಈಟ್ಸ್ ರೈಸ್, ಬಟ್ ಐ ಡೋಂಟ್" ಅಂತ ಬರೆದು ಸೀಮೆಸುಣ್ಣ ಕೆಳಗೆ ಇಟ್ಟೆ. "ಮುಂದ ಬರಿಯವ್ವ, ಅರ್ಧಕ್ಕ ಬಿಟ್ಟೀಯಲ್ಲ" ಅಂದೆ ನಾನು. "ಮುಗೀತ್ರಿ ಅತ್ತಿ." "ಡೋಂಟ್ ಏನು? ಏನ್ ಉಣ್ಣೂದಿಲ್ಲ?" "ಅನ್ನ ಅಂತ ಮೊದಲ ಹೇಳೇನಲ್ರಿ, ಮತ್ಯಾಕ ಹೇಳಬೇಕು?" ನನಗೆ ಸಮಾಧಾನವಾಗಲಿಲ್ಲ. ಬಿಟ್ಟ ಮಾತು ದಾರಿ ತಪ್ಪಿ ಎಲ್ಲಿಗಾದರೂ ಹೋದರೆ ಅಂತ ಜೀವ ಹೆದರುತ್ತಿತ್ತು. ಇನ್ನೊಂದು ದಿನ ನೀನು "ವಾಂಟ್ ಟೀ?" ಅಂದೆ. ಯಾರಿಗೆ ಬೇಕು ಅಂತಲೇ ಹೇಳಲಿಲ್ಲವಲ್ಲ ಅಂದರೆ, "ನನ್ನ ಮುಂದ ಕುಂತವರು ನೀವೊಬ್ಬರ, ಮತ್ತ ಯಾರನ್ನ ಕೇಳಲಿ, ಮಗ್ಗಾನ?" ಅಂದು ನಕ್ಕೆ.

ನೀನು ಎಲ್ಲದಕ್ಕಿಂತ ಹೆಚ್ಚು ನಕ್ಕದ್ದು "ಐ ಲೈಕ್ ಟೀ ಮೋರ್ ದ್ಯಾನ್ ಯುವರ್ ಸನ್" ಬರೆದ ದಿನ. ಒಂದೊಂದೇ ಮಾತು ಕೂಡಿಸಿ ನೋಡಿದೆ. "ನನ್ನ ಮಗನಕಿಂತ ನಿನಗ ಚಹಾ ಹೆಚ್ಚಾತೇನ ಬೇ?" ಅಂದೆ. ನೀನು ಕದಕ್ಕೆ ಒರಗಿ ಜಾರಿ ಕೂತು ನಕ್ಕದ್ದು ಈಗಲೂ ಕಾಣುತ್ತದೆ. "ಅವರಕಿಂತ ಚಹಾದ ಹುಚ್ಚು ನನಗ ಹೆಚ್ಚು ಅಂತ ಬರದದ್ರಿ ನಾ! ಇಂಥಲ್ಲಿ ಕಡೀಕ 'ಡಸ್' ಹಚ್ಚಬೇಕು, ಬಿಡಬಾರದು." ಯಾವಾಗ ಬಿಡಬೇಕು ಯಾವಾಗ ಬಿಡಬಾರದು ನನ್ನಂಥವಳಿಗೆ ಹೇಗೆ ತಿಳಿಯಬೇಕು ಅಂತ ಕೇಳಿದೆ. ನೀನು ಅಂದದ್ದು ಇಷ್ಟು: "ಒಮ್ಮೆ ಹೇಳಿದ್ದಿರಬೇಕು, ಇಲ್ಲಾ ಇಬ್ಬರ ಕಣ್ಣಮುಂದೂ ಇದ್ದದ್ದಿರಬೇಕು. ಬಿಟ್ಟ ಜಾಗಾದಾಗ ಒಂದ ಮಾತು ಕೂಡೂವಂಗಿರಬೇಕು. ಎರಡು ಕೂಡೂವಂಗಿದ್ರ ಎದುರಿನವರು ತಮಗ ಬೇಕಾದ್ದು ತುಂಬಕೋತಾರ್ರಿ."

ತಮಗೆ ಬೇಕಾದದ್ದು ಎಲ್ಲಿ ತುಂಬಿಕೊಳ್ಳುತ್ತಾರವ್ವ? ತಮಗೆ ಅಂಜಿಕೆ ಇದ್ದದ್ದನ್ನು ತುಂಬಿಕೊಳ್ಳುತ್ತಾರೆ. ಇಷ್ಟು ದಿನ ನಾನು ಅದನ್ನೇ ಮಾಡಿದೆ. ನೀನು ಸುಮ್ಮನಿದ್ದ ಜಾಗದಲ್ಲಿ ಬರಲು ಮನಸ್ಸಿಲ್ಲ ಅಂತ ತುಂಬಿದೆ. ನಾನು ಸುಮ್ಮನಿದ್ದ ಜಾಗದಲ್ಲಿ ನಿಮ್ಮವ್ವ ನಮಗೆ ನೀನು ಬೇಡ ಅಂತ ತುಂಬಿದರು. ಒಂದೇ ಕಟ್ಟೆಯ ಮೇಲೆ ಕೂತಾಗ ಅರ್ಧ ಮಾತು ಸಾಕು. ರಬಕವಿ ಲೋಕಾಪುರದ ನಡುವೆ ಅದು ನಡೆಯುವುದಿಲ್ಲ. ಮತ್ತೆ, ಇದು ಒಮ್ಮೆ ಹೇಳಿದ್ದೂ ಅಲ್ಲ. ಈ ಮನೆ ನಿನ್ನದು ಅಂತ ನಾನು ಯಾವಾಗ ಹೇಳಿದ್ದೆ? ಅಕ್ಕಿಯ ಸೇರು ಒದ್ದು ಒಳಗೆ ಬಂದ ದಿನ ಎಲ್ಲರೂ ಕೂಡಿ ಗದ್ದಲ ಮಾಡುತ್ತಿದ್ದರು, ನಾನು ಊಟದ ಪಂಕ್ತಿ ನೋಡುತ್ತಿದ್ದೆ.

ಸಂಜೆ ಅನ್ನವ್ವನ ಮುಂದೆ ಹೇಳಿದೆ. ಅವಳು ಹಣೆ ಹಣೆ ಬಡಿದುಕೊಂಡಳು. "ಕರಿಯಾಕ ಹೋಗಲಾರದ ಸೊಸಿ ಬರಲಿಲ್ಲಂತ ಓಣಿ ತುಂಬ ಅತ್ತೀಯಲ್ಲ ಬೇ! ನಾ ತಿಳದಿದ್ದೆ, ಹೋಗಿ ಬಂದೀರಿ, ಅವರ ಕಳಸಿಲ್ಲ ಅಂತ." ನೋಡು, ಅವಳೂ ತುಂಬಿಕೊಂಡಿದ್ದಳು. ಬೈದು ಮುಗಿಸಿ ಅವಳೇ ಶೇಂಗಾ ಹುರಿಯಲು ಕೂತಳು. ಬರಿಗೈಯಲ್ಲಿ ಹೋಗಬಾರದಂತೆ, ಶೇಂಗಾದ ಹೋಳಿಗೆ ಒಯ್ಯಬೇಕಂತೆ. ಹೋಗಿ ಏನು ಅನ್ನಬೇಕು ಅಂತಲೂ ಕಲಿಸಿದಳು. ಹೊಸ್ತಿಲ ಒಳಗೆ ಕೂತು, ನೀರು ಕುಡಿಯುವುದಕ್ಕೆ ಮೊದಲು, ಬೀಗತಿಯ ಮೋರೆ ನೋಡಿ ಬಾಯಿಬಿಟ್ಟು ಅನ್ನಬೇಕಂತೆ. ನಾನು ಅವಳನ್ನೇ ನಿಮ್ಮವ್ವ ದಾನಮ್ಮನವರು ಅಂತ ಮಾಡಿ ಎದುರಿಗೆ ಕೂರಿಸಿಕೊಂಡು ಆಡಿ ನೋಡಿದೆ. "ಸಣ್ಣ ದನಿ ಆತು, ಇದು ಬೀಗತಿಗೆ ಅಲ್ಲ, ಬೆಕ್ಕಿಗೆ ಹೇಳಿದಂಗ ಆತು" ಅಂದಳು. ಮತ್ತೊಮ್ಮೆ ಆಡಿದೆ.

ಈಗ ಬೆಳಗಾಗಿದೆ. ಹೊಳಬಸಪ್ಪಣ್ಣ ಬನಹಟ್ಟಿಯಿಂದ ಬರುತ್ತಾರೆ, ಅವರ ಜೊತೆಯಲ್ಲೇ ನಾನೂ ಸೋಮುವೂ ಮಹಾಲಿಂಗಪುರದ ಮೇಲಿಂದ ಹೋಗುವ ಬಸ್ಸು ಹತ್ತುತ್ತೇವೆ. ಈ ಪತ್ರವನ್ನು ಅವರ ಕೈಯಲ್ಲೇ ಕೊಡುತ್ತೇನೆ. ಅವರು ನೆಟ್ಟಗೆ ಅಡುಗೆಮನೆಗೆ ಬಂದು ನಿನಗೆ ಕೊಡುತ್ತಾರೆ. ನೀನು ಇಷ್ಟು ಓದುವಷ್ಟರಲ್ಲಿ ನಾನು ನಿಮ್ಮ ಪಡಸಾಲೆಯಲ್ಲಿ ನಿಮ್ಮವ್ವನ ಎದುರು ಕೂತಿರುತ್ತೇನೆ. ಕಲಿತ ಮಾತು ಅಷ್ಟೊತ್ತಿಗೆ ಆಡಿ ಮುಗಿಸಿರುತ್ತೇನೆ, ಅಥವಾ ಗಂಟಲಲ್ಲಿ ಹಿಡಿದುಕೊಂಡು ಕೂತಿರುತ್ತೇನೆ. ಉಳಿದದ್ದನ್ನು ನಾಲ್ಕು ಮಂದಿಯ ಮುಂದೆ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಇಷ್ಟು ಬರೆದದ್ದು.

ನಿನಗೆ ಮಾತ್ರ ಒಂದು ಮಾತು ಬೇರೆಯಾಗಿ ಹೇಳಬೇಕು. ಇದರಲ್ಲಿ ನಾನು ಏನನ್ನೂ ಬಿಡುವುದಿಲ್ಲ, ಯಾರಿಗೂ ಏನೂ ತುಂಬಿಕೊಳ್ಳಲು ಜಾಗ ಇಡುವುದಿಲ್ಲ. ಕಾವ್ಯಾ, ರಬಕವಿಯ ತಂಗೆವ್ವ ಎಂಬ ನಾನು, ನನ್ನ ಸೊಸೆಯಾದ ನಿನ್ನನ್ನು, ನಿನ್ನದೇ ಆದ ನಮ್ಮ ಮನೆಗೆ, ಬಾ ಅಂತ ಕರೆಯುತ್ತಿದ್ದೇನೆ. ಕೆಲಸಕ್ಕೆ ಅಲ್ಲ. ನೀನಿಲ್ಲದೆ ನನಗೆ ಮನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಅದಕ್ಕೆ. ಮುಂದಿನ ಸಲ ತವರಿಗೆ ಬಂದಾಗ ಮತ್ತೆ ಕರೆಯುತ್ತೇನೆ. ವರ್ಷ ತುಂಬಿದಮೇಲೆ ಜರೂರಿ ಇಲ್ಲ ಅಂತಾಳೆ ಅನ್ನವ್ವ. ನಾನು ಕೇಳುವುದಿಲ್ಲ, ಆಗಲೂ ಬಂದು ಕರೆಯುತ್ತೇನೆ.

ಬಸ್ಸಿಗೆ ಹೊತ್ತಾಯಿತು. ಸೋಮು ಹೊರಗೆ ನಿಂತು ನಾಲ್ಕನೆಯ ಸಲ ತಲೆ ಬಾಚಿಕೊಳ್ಳುತ್ತಿದ್ದಾನೆ.

ನಿನ್ನನ್ನು ಕರೆಯಲು ಬಂದಿರುವ
ನಿನ್ನ ಅತ್ತಿ
ತಂಗೆವ್ವ

ತಾ.ಕ.: ಇದನ್ನು ನಾನು ಹೇಳಿದೆ ಅಂತ ಸೋಮುಗೆ ಹೇಳಬೇಡ. ನಿನ್ನೆ ರಾತ್ರಿ, ಎಲ್ಲರೂ ನನ್ನನ್ನೇ ದಡ್ಡಿ ಅಂದರು ಅಂತ ನಾನು ಗೊಣಗುತ್ತಿದ್ದಾಗ ಅವನು ತಾನಾಗೇ ಬಾಯಿಬಿಟ್ಟ. ಮಹಾಲಿಂಗಪುರಕ್ಕೆ ನೂಲು ನೋಡಲು ಹೋಗುತ್ತೇನೆ ಅಂತ ನನಗೆ ಹೇಳಿ, ಗಾಡಿಯ ಮೇಲೆ ಎಷ್ಟೋ ಸಲ ಲೋಕಾಪುರಕ್ಕೇ ಬಂದಿದ್ದನಂತೆ. ಕರೆ ಬರದೆ ಅಳಿಯ ಬೀಗರ ಮನೆಗೆ ಹೋಗಬಾರದು ಅಂತ ಯಾರೋ ಗೆಳೆಯರು ತಲೆಯಲ್ಲಿ ತುಂಬಿದ್ದರಂತೆ. ನಿಮ್ಮ ಓಣಿಯ ಬಾಯಿಯವರೆಗೆ ಬಂದು, ನಿಮ್ಮ ಕಡೆಯವರು ಯಾರಾದರೂ ಕಂಡು ಒಳಗೆ ಬಾ ಅಂದಾರು ಅಂತ ನಿಂತು, ಯಾರೂ ಕಾಣದೆ ತಿರುಗಿ ಬರುತ್ತಿದ್ದನಂತೆ. ನಿಮ್ಮವ್ವನಿಗೆ ಅಂತ ಕೊಂಡ ಮೋಸಂಬಿ ಪ್ರತಿ ಸಲ ಹಾಗೇ ರಬಕವಿಗೆ ಬಂದವು, ಮಗನಿಗೆ ನನ್ನ ಮೇಲೆ ಎಷ್ಟು ಜೀವ ಅಂದುಕೊಂಡು ನಾನು ತಿಂದೆ. ಈ ಸಲದ ಚೀಲ ಅವನ ತೊಡೆಯ ಮೇಲೇ ಇರುತ್ತದೆ. ಬಂದು ಇಸಿದುಕೊಂಡು ನಿಮ್ಮವ್ವನಿಗೆ ಕೊಡು, ಇಲ್ಲದಿದ್ದರೆ ಅದನ್ನೂ ಮನೆಗೆ ಹೊತ್ತು ತರುತ್ತಾನೆ.